ಹೊಂಗೆ ಹೂವು ಬಿದ್ದ ಬಾಗಿಲು

ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನನ್ನ ಕಾರು ನಿಲ್ಲುವ ಜಾಗಕ್ಕೆ ಒತ್ತಿಕೊಂಡೇ ಒಂದು ಕಂಬವಿದೆ. ಸುಮಾರು ಎಲ್ಲ ಮನೆಯವರ ಕಾರಿನ ಬಣ್ಣವೂ ಅದಕ್ಕೆ ಒಂದಿಷ್ಟು ಮೆತ್ತಿದೆ. ನನ್ನದು ಬೆಳ್ಳಿ ಬಣ್ಣ, ಎರಡು ಕಡೆ.

ಮೊದಲ ಸಲ ತಾಗಿದ್ದು ಹಿಂದಿನ ಬಂಪರಿನ ಮೂಲೆ. ಅಂಗೈಯಗಲ ಬಣ್ಣ ಎದ್ದು ಕರೀ ಪ್ಲಾಸ್ಟಿಕ್ ಕಾಣುತ್ತಿತ್ತು. ಸರ್ವಿಸ್ ಸೆಂಟರಿನವರು ಬಂಪರ್ ಬಿಚ್ಚಿ ಪೂರ್ತಿ ಹೊಡೆಯಬೇಕು, ಗಾಡಿ ಮೂರು ದಿನ ಬಿಡಿ ಎಂದರು. ಮನೆ ಹತ್ತಿರವೇ ಬಂದು ಮಾಡಿಕೊಡುವ ಹುಡುಗನ ನಂಬರನ್ನು ಮೇಲಿನ ಮನೆಯವರು ಕೊಟ್ಟರು. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಪುಟ್ಟ ಕಂಪ್ರೆಸರ್, ಹಿಂದಿನ ಸೀಟಿಗೆ ಕಟ್ಟಿದ ಡಬ್ಬಿಗಳ ಚೀಲ. ಅವನು ಕಾರಿನ ಬಣ್ಣದ ಕೋಡ್ ಬರೆದುಕೊಂಡು ಹೋಗಿ, ಮರುದಿನ ಜೆ.ಸಿ. ರಸ್ತೆಯಿಂದ ನೂರು ಎಂಎಲ್ ಬಣ್ಣ ಕಲೆಸಿಕೊಂಡು ಬಂದ. ಎರಡೂವರೆ ಗಂಟೆ ಕೆಲಸ, 1,800 ರೂಪಾಯಿ. ಆಮೇಲೆ ಎಷ್ಟು ಹುಡುಕಿದರೂ ಉಜ್ಜಿದ ಜಾಗ ನನಗೇ ಸಿಗಲಿಲ್ಲ.

ಆ ಖುಷಿಯೇ ನನ್ನನ್ನು ಕೆಡಿಸಿತು.

ಎರಡನೇ ಸಲ ತಾಗಿದ್ದು ಎಡಗಡೆ ಹಿಂದಿನ ಬಾಗಿಲು. ಮೊಳದುದ್ದ ಗೀರು. ಉಗುರು ಅಡ್ಡ ಎಳೆದರೆ ಸಿಕ್ಕಿಕೊಳ್ಳುತ್ತಿತ್ತು. ಉಗುರು ಸಿಕ್ಕದಷ್ಟು ತೆಳುವಾಗಿದ್ದರೆ ಬರೀ ರಬ್ಬಿಂಗ್, ಪಾಲಿಷಿನಲ್ಲೇ ಹೋಗುತ್ತಿತ್ತು. ಪೇಂಟಿನ ಮಾತೇ ಬರುತ್ತಿರಲಿಲ್ಲ. ಯೋಚನೆ ಮಾಡದೆ ಅದೇ ಹುಡುಗನಿಗೆ ಫೋನು ಮಾಡಿದೆ.

ಬೇಸ್‌ಮೆಂಟಿನಲ್ಲಿ ಸ್ಪ್ರೇ ಹೊಡೆಯಲು ಅಸೋಸಿಯೇಷನ್ ಒಪ್ಪಲಿಲ್ಲ. ಗೇಟಿನಾಚೆ ಹೊಂಗೆ ಮರದ ನೆರಳಿಗೆ ಕಾರು ತಂದು ನಿಲ್ಲಿಸಿದೆವು. ಯುಗಾದಿ ಕಳೆದು ಹದಿನೈದು ದಿನವಾಗಿತ್ತು. ಆ ಹೊತ್ತಿನಲ್ಲಿ ಹೊಂಗೆ ಮರ ಏನು ಮಾಡುತ್ತದೆ ಎಂದು ಈ ಊರಿನಲ್ಲಿ ಹುಟ್ಟಿ ಬೆಳೆದ ನನಗೆ ಗೊತ್ತಿರಬೇಕಿತ್ತು. ಹುಡುಗ ಪುಟ್ಟಿ ಹಿಡಿದು, ವಾಟರ್ ಪೇಪರಿನಲ್ಲಿ ತಿಕ್ಕಿ, ಪ್ರೈಮರ್, ಬಣ್ಣ ಎಲ್ಲ ಮುಗಿಸಿ ಮೇಲಿನ ಹೊಳಪಿನ ಪದರ, ಕ್ಲಿಯರ್ ಹೊಡೆದ. ಕನ್ನಡಿಯಂತೆ ಹೊಳೆಯುತ್ತಿತ್ತು. ಒಂದು ಗಾಳಿ ಬೀಸಿತು. ಹೂವು ಅಕ್ಷತೆ ಕಾಳಿನಂತೆ ಉದುರಿದವು. ಅವನು ಸೂಜಿಯಲ್ಲಿ ಒಂದೊಂದನ್ನೇ ಎತ್ತಿದ. "ಒಣಗಿದ ಮೇಲೆ ರಬ್ ಮಾಡ್ತೀನಿ ಸಾರ್, ಗೊತ್ತಾಗಲ್ಲ" ಎಂದ. ಅವನ ದನಿಯಲ್ಲಿ ಮೊದಲ ಸಲದ ಧೈರ್ಯ ಇರಲಿಲ್ಲ.

ಬಂಪರಿಗೆ ಒಲಿದ ಕೆಲಸ ಬಾಗಿಲಿಗೆ ಯಾಕೆ ಒಲಿಯಲಿಲ್ಲ ಎಂಬುದು ನನಗೆ ತಿಳಿದದ್ದು ನಿಧಾನವಾಗಿ. ಬಂಪರಿನ ಮೂಲೆ ಬಾಗಿರುತ್ತದೆ, ಅಲ್ಲಿ ಬೆಳಕು ಹೇಗೂ ಮುರಿಯುತ್ತದೆ. ಜೊತೆಗೆ ಬಂಪರ್ ಪ್ಲಾಸ್ಟಿಕ್ಕಿನ ಬೇರೆಯೇ ಭಾಗ. ಹೊಸ ಕಾರಿನಲ್ಲೂ ಎಷ್ಟೋ ಸಲ ಅದರ ಬಣ್ಣ ಬಾಡಿಗೆ ಕೂದಲೆಳೆ ವ್ಯತ್ಯಾಸದಲ್ಲಿರುತ್ತದೆ, ಕಣ್ಣು ಅದನ್ನು ಒಪ್ಪಿಕೊಂಡುಬಿಟ್ಟಿರುತ್ತದೆ. ಬಾಗಿಲು ಹಾಗಲ್ಲ. ಮುಂದಿನ ಬಾಗಿಲಿನಿಂದ ಹಿಂದಿನ ಚಕ್ರದವರೆಗೆ ಕಣ್ಣು ಒಂದೇ ಸಲಕ್ಕೆ ಜಾರಿಕೊಂಡು ಹೋಗುತ್ತದೆ. ಅದರಲ್ಲೂ ನನ್ನದು ಬೆಳ್ಳಿ ಬಣ್ಣ, ಅಂದರೆ ಬಣ್ಣದೊಳಗೆ ಅಲ್ಯೂಮಿನಿಯಮ್ಮಿನ ಸಣ್ಣ ಸಣ್ಣ ಹಕ್ಕಳೆ. ಗನ್ನಿನ ಒತ್ತಡ, ದೂರ, ಬಣ್ಣದ ತೇವ ಒಂದಿಷ್ಟು ಬದಲಾದರೂ ಆ ಹಕ್ಕಳೆಗಳು ಮಲಗುವ ರೀತಿ ಬದಲಾಗುತ್ತದೆ. ಎದುರಿನಿಂದ ನೋಡಿದಾಗ ಸರಿಯಾಗಿದ್ದ ನನ್ನ ಬಾಗಿಲು ಪಕ್ಕದಿಂದ ನೋಡಿದರೆ ಮಾಸಲು.

ಇನ್ನೊಂದು ತಪ್ಪು ದೀಪಾವಳಿ ಹೊತ್ತಿಗೆ ಬಯಲಾಯಿತು. ಹುಡುಗ ಕ್ಲಿಯರನ್ನು ಬಾಗಿಲಿನ ಅಂಚಿನವರೆಗೆ ಒಯ್ಯದೆ ನಡುವೆಯೇ ನಿಲ್ಲಿಸಿ, ತಿನ್ನರ್ ಹೊಡೆದು ತೇಲಿಸಿದ್ದ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ಗಡಿ ಹಾಲಿನ ಕೆನೆಯಂತೆ ಅಂಚು ಬಿಟ್ಟಿತು. ಬೆರಳಿಟ್ಟರೆ ಚೂರು ಚೂರಾಗಿ ಬರುತ್ತಿತ್ತು.

ಇನ್ಶೂರೆನ್ಸಿನಲ್ಲಿ ಮಾಡಿಸೋಣವೆಂದರೆ ಲೆಕ್ಕ ಕೂಡಲಿಲ್ಲ. ಮೂರು ವರ್ಷ ಕ್ಲೇಮ್ ಮಾಡದೆ 35 ಪರ್ಸೆಂಟ್ ನೋ ಕ್ಲೇಮ್ ಬೋನಸ್ ಗಳಿಸಿದ್ದೆ. ಒಂದು ಬಾಗಿಲಿಗಾಗಿ ಅದು ಸೊನ್ನೆಗಿಳಿಯುತ್ತದೆ, ಕಡ್ಡಾಯದ ಸಾವಿರ ರೂಪಾಯಿ ಹೇಗೂ ನಮ್ಮ ಕೈಯದೇ. ಪೇಂಟ್ ಬೂತ್ ಇರುವ ಒಂದು ಬಾಡಿ ಶಾಪಿಗೆ ನನ್ನ ದುಡ್ಡಿನಲ್ಲೇ ಹೋದೆ. ಮ್ಯಾನೇಜರು ಮೊದಲು ಮಾಡಿದ್ದು, ಚೆನ್ನಾಗಿದ್ದ ಬಂಪರನ್ನೂ ಎಸ್ಟಿಮೇಟಿಗೆ ಸೇರಿಸಿದ್ದು. ಅದನ್ನು ಹೊಡೆದುಹಾಕಿಸಿದ ಮೇಲೆ ಒಂಬತ್ತು ಸಾವಿರ, ಮೇಲೆ 18 ಪರ್ಸೆಂಟ್ ಜಿಎಸ್‌ಟಿ.

ಅಲ್ಲಿನ ಪೇಂಟರ್ ಅರವತ್ತರ ಹತ್ತಿರದವರು. ಎದ್ದುಬಂದಿದ್ದ ಅಂಚನ್ನು ಉಗುರಿನಿಂದ ಕೆರೆದು, ಹುಡುಗನ ಪುಟ್ಟಿ ಕೆಲಸವನ್ನು ಸವರಿ ನೋಡಿ, "ಕೈ ಒಳ್ಳೇದಿದೆ. ಯಾವುದೋ ಶಾಪಲ್ಲೇ ಕಲ್ತಿದಾನೆ" ಎಂದರು. ನಿಜವೇ, ಹುಡುಗ ಎಂಟು ವರ್ಷ ಇಂಥದೇ ಬೂತಿನಲ್ಲಿದ್ದವನು. ಅಲ್ಲಿ ಅವನಿಗೆ ಸೋಸಿದ ಗಾಳಿಯಿತ್ತು, ಧೂಳಿಲ್ಲದ ಮುಚ್ಚಿದ ಕೋಣೆಯಿತ್ತು, 60 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸುವ ಶಾಖವಿತ್ತು. ನಾನು ಅವನ ಕೈಯನ್ನಷ್ಟೇ ಬಾಡಿಗೆಗೆ ಕರೆದು ಹೊಂಗೆ ಮರದ ಕೆಳಗೆ ನಿಲ್ಲಿಸಿದ್ದೆ.

ಇನ್ನೊಂದನ್ನೂ ಹೇಳಬೇಕು. ಗಟ್ಟಿಯಾಗುವ ಒಳ್ಳೆಯ ಕ್ಲಿಯರಿಗೆ ಬೆರೆಸುವ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. ಅದರ ಮಂಜು ಉಸಿರಿಗೆ ಹೋದರೆ ಆಸ್ತಮಾ ಹತ್ತಬಹುದು, ಒಮ್ಮೆ ಹತ್ತಿದರೆ ಬಿಡುವುದು ಕಷ್ಟ. ಹುಡುಗ ಮೂಗಿಗೆ ಕಟ್ಟಿದ್ದು ಕರ್ಚೀಫು. ಹತ್ತು ಅಡಿ ದೂರದಲ್ಲಿ ಮಕ್ಕಳು ಶಾಲೆ ವ್ಯಾನಿಗೆ ಕಾಯುತ್ತಿದ್ದರು. 1,800 ರೂಪಾಯಿಗೆ ಆದ ಕೆಲಸದಲ್ಲಿ ಬೇರೆಯವರ ಪಾಲಿನ ಖರ್ಚು ಎಷ್ಟಿತ್ತೋ. ಬಾಡಿ ಶಾಪಿನ ಪೇಂಟರಿಗೆ ಇದ್ದಿಲಿನ ಮಾಸ್ಕ್ ಕೊಟ್ಟಿದ್ದರು. ನಾನು ನೋಡಿದಾಗಲೆಲ್ಲ ಅದು ಅವರ ಕುತ್ತಿಗೆಯಲ್ಲಿತ್ತು.

ಅವರು ಬಾಗಿಲಿನ ಹ್ಯಾಂಡಲ್, ಗಾಜಿನ ರಬ್ಬರ್ ಎಲ್ಲ ಬಿಚ್ಚಿ, ಬಣ್ಣವನ್ನು ಅಕ್ಕಪಕ್ಕದ ಪ್ಯಾನೆಲುಗಳ ಮೇಲೂ ಸ್ವಲ್ಪ ಸ್ವಲ್ಪ ತೇಲಿಸಿ, ಕ್ಲಿಯರನ್ನು ಮಾತ್ರ ಅಂಚಿನಿಂದ ಅಂಚಿಗೆ ಎಳೆದರು. ಬಣ್ಣದಲ್ಲಿ ಒಂದು ಕೊಂಕು ಹುಡುಕಲಾಗಲಿಲ್ಲ. ಆದರೆ ಎರಡು ದಿನ ತಡ. ಒಳಗಿನ ಯಾವುದೋ ಕ್ಲಿಪ್ಪು ಮರೆತು, ಹಳ್ಳ ಬಂದಾಗಲೆಲ್ಲ ಬಾಗಿಲು ಕಟಕಟ ಎನ್ನುತ್ತಿತ್ತು. ಅದಕ್ಕಾಗಿ ಮತ್ತೊಂದು ಶನಿವಾರ ಹೋಯಿತು.

ಹೋದ ತಿಂಗಳು ಕಾರು ಮಾರಲು ಹೊರಟೆ. ನೋಡಲು ಬಂದ ಹುಡುಗಿಯ ಕೈಯಲ್ಲಿ ಪೇಂಟಿನ ದಪ್ಪ ಅಳೆಯುವ, ಬೆಂಕಿಪೊಟ್ಟಣದಷ್ಟು ದೊಡ್ಡ ಮೀಟರ್. ಕಂಪನಿಯ ಪೇಂಟು ಎಲ್ಲ ಪದರ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಬಾನೆಟ್ಟು 118 ತೋರಿಸಿತು. ಆ ಹಿಂದಿನ ಬಾಗಿಲಿಗೆ ಇಟ್ಟಾಗ 340. ಅವಳು ತಲೆಯೆತ್ತದೆ "ರೀಪೇಂಟ್" ಎಂದು ಬರೆದುಕೊಂಡಳು. ಬೂತಿನಲ್ಲಿ ಹೊಡೆದದ್ದು, ಬಿಲ್ ಇದೆ ಎಂದೆ. ತಲೆಯಾಡಿಸಿದಳು, ಬರೆದದ್ದನ್ನು ತಿದ್ದಲಿಲ್ಲ.

ಆಮೇಲೆ ಬಂಪರಿನ ಹತ್ತಿರ ಹೋದಳು. ಸುಮ್ಮನಿರಲಾರದೆ, ಅಲ್ಲಿ ಮೀಟರ್ ಇಡೋದಿಲ್ಲವಾ ಎಂದು ಕೇಳಿಯೇ ಬಿಟ್ಟೆ.

"ಪ್ಲಾಸ್ಟಿಕ್ ಮೇಲೆ ಇದು ರೀಡಿಂಗ್ ತೋರ್ಸಲ್ಲ ಅಂಕಲ್" ಎಂದು ಬಗ್ಗಿ ಮೂಲೆಯನ್ನು ಒಮ್ಮೆ ನೋಡಿ, ಒರಿಜಿನಲ್ ಎಂದು ಗುರುತು ಹಾಕಿದಳು.