ನಿಂತ ಗಾಡಿಯೊಳಗಿನ ಚಳಿರಾತ್ರಿಗಳು

ನವೆಂಬರ್ ಮಧ್ಯದಲ್ಲಿ ಮಂಡಲ ಕಾಲ ಶುರುವಾಯಿತೆಂದರೆ ನಮ್ಮ ಹ್ಯಾಂಡ್‌ಪೋಸ್ಟ್‌ನಲ್ಲಿ ನಿಲ್ಲುವ ಟಿಟಿಗಳ (ಟೆಂಪೋ ಟ್ರಾವೆಲರ್) ಚಹರೆಯೇ ಬದಲಾಗುತ್ತದೆ. ಮುಂದೆ ಬಾಳೆಕಂದು, ಗಾಜಿನ ಹಿಂದೆ ಅಯ್ಯಪ್ಪನ ಪಟ, ಮೇಲಿನ ಕ್ಯಾರಿಯರ್‌ನಲ್ಲಿ ಟಾರ್ಪಾಲು ಹೊದಿಸಿದ ಪಾತ್ರೆ, ಅಕ್ಕಿ, ನೀರಿನ ಕ್ಯಾನು. ಎಚ್.ಡಿ. ಕೋಟೆ, ಸರಗೂರು, ಹುಣಸೂರು, ಪಿರಿಯಾಪಟ್ಟಣದ ಕಡೆಯ ರೈತರಿಗೆ ಹೊಗೆಸೊಪ್ಪು ಹರಾಜಿಗೆ ಹೋಗುತ್ತಿರುವ, ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲವದು. ಮಾಲೆ ಹಾಕಿ, ವ್ರತ ಹಿಡಿದು, ಜನವರಿ 14ರ ಮಕರಜ್ಯೋತಿಯೊಳಗೆ ಶಬರಿಮಲೆಗೆ ಹೋಗಿಬರುತ್ತೇವೆ. ಯಾತ್ರೆಯ ಅಷ್ಟೂ ದಿನ ಆ 12 ಸೀಟಿನ ಗಾಡಿಯೇ ಮನೆ. ಅಲ್ಲೇ ಮಲಗುವುದು, ಅದರ ಪಕ್ಕದಲ್ಲೇ ಬೇಯಿಸಿ ಉಣ್ಣುವುದು, ಅದರ ಕಿಟಕಿಗೇ ಒದ್ದೆ ಪಂಚೆ ಹರವುವುದು.

ನಾನು ಹ್ಯಾಂಡ್‌ಪೋಸ್ಟ್ ಹತ್ತಿರದ ಹೊಗೆಸೊಪ್ಪಿನ ಬೆಳೆಗಾರ. ನಮ್ಮ ತಂಡದಲ್ಲಿ ಪೂಜೆ, ಇರುಮುಡಿ, ದಾರಿ ಎಲ್ಲವೂ ಗುರುಸ್ವಾಮಿಗಳದು. ಗಾಡಿಯೊಳಗಿನ ಸಂಸಾರ ನನ್ನದು. ಯಾರು ಎಲ್ಲಿ ಮಲಗಬೇಕು, ಒಲೆ ಎಲ್ಲಿ ಹಚ್ಚಬೇಕು, ನೀರು ಎಲ್ಲಿಯವರೆಗೆ ಬರುತ್ತದೆ ಎಂಬುದನ್ನೆಲ್ಲ ನೋಡಿಕೊಳ್ಳುತ್ತ ಬಂದವನಿಗೆ ಒಂದು ವಿಷಯ ಖಚಿತವಾಗಿದೆ. ಗಾಡಿ ಓಡುವಾಗ ಎಲ್ಲರಿಗೂ ಭಯವಿರುತ್ತದೆ, ಹಾಗಾಗಿ ಎಚ್ಚರವೂ ಇರುತ್ತದೆ. ನಿಂತ ಕೂಡಲೇ ಅಪಾಯ ಮುಗಿಯಿತೆಂದು ಎಲ್ಲರೂ ನಿರಾಳರಾಗುತ್ತಾರೆ. ಚಳಿಗಾಲದಲ್ಲಿ ನಿಂತ ಗಾಡಿಯೂ ಅಷ್ಟೇ ಎಚ್ಚರ ಕೇಳುತ್ತದೆ.

ದಾರಿಯ ಮಾತು ಬೇಗ ಮುಗಿಸುತ್ತೇನೆ. ಅಂತರಸಂತೆ ದಾಟಿದ ಮೇಲೆ ಬಾವಲಿಯವರೆಗೆ ನಾಗರಹೊಳೆ ಕಾಡು. ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಗೇಟು ಮುಚ್ಚಿರುತ್ತದೆ. ಹಾಗಾಗಿ ಕತ್ತಲಲ್ಲೇ ಇರುಮುಡಿ ಕಟ್ಟಿಕೊಂಡು, ಗೇಟು ತೆಗೆಯುವ ಹೊತ್ತಿಗೆ ಸರಿಯಾಗಿ ಅಲ್ಲಿರುತ್ತೇವೆ. ಕಾಡಿನೊಳಗೆ ಗಾಡಿ ನಿಲ್ಲಿಸುವಂತಿಲ್ಲ, ಇಳಿಯುವಂತಿಲ್ಲ, ತಿಂಡಿಯೆಲ್ಲ ಬಾವಲಿ ದಾಟಿದ ಮೇಲೆ. ಮಾನಂದವಾಡಿ, ಕಲ್ಪೆಟ್ಟ, ಒಂಬತ್ತು ತಿರುವಿನ ತಾಮರಶ್ಶೇರಿ ಘಾಟಿ, ಕೋಝಿಕ್ಕೋಡ್, ಗುರುವಾಯೂರು, ಎರುಮೇಲಿ. 2018ರ ಪ್ರವಾಹ ಪಂಪೆಯನ್ನು ಕೊಚ್ಚಿಕೊಂಡು ಹೋದ ಮೇಲೆ ನಮ್ಮಂಥ ಗಾಡಿಗಳು ನಿಲ್ಲುವುದು ನಿಲಕ್ಕಲ್‌ನಲ್ಲಿ. ಅಲ್ಲಿಂದ ಪಂಪೆಗೆ ಕೇರಳದ ಸರ್ಕಾರಿ ಬಸ್ಸು. ಬಯಲು ಕೇರಳದಲ್ಲಿ ಡಿಸೆಂಬರ್ ರಾತ್ರಿಯೂ ಸೆಖೆಯೇ, ಮಲಗಲು ಕಷ್ಟವಿಲ್ಲ. ಕಷ್ಟ ಬರುವುದು ವಾಪಸು ಬರುವಾಗ, ಪಳನಿ ನೋಡಿಕೊಂಡು ಊಟಿ ಹತ್ತಿದ ಮೇಲೆ.

ಊಟಿ 2,200 ಮೀಟರಿಗೂ ಎತ್ತರದ ಊರು. ಜನವರಿಯಲ್ಲಿ ಅದರ ಹತ್ತಿರದ ತಲೈಕುಂದದ ಹುಲ್ಲುಗಾವಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳಗ್ಗೆ ಉಪ್ಪು ಚೆಲ್ಲಿದಂತೆ ಬೆಳ್ಳಗಿರುತ್ತದೆ. ಗಾಡಿಯ ಮುಂದಿನ ಗಾಜಿನ ಮೇಲೂ ಅದೇ ಪದರ. ಕೋಟೆಯ ಚಳಿಗೆ ಒಗ್ಗಿದ ಮೈಗೆ ಇದು ಬೇರೆಯದೇ ಚಳಿ. ರಾತ್ರಿ ಬಂಡೀಪುರದ ರಸ್ತೆ 9ಕ್ಕೆ ಮುಚ್ಚುವುದರಿಂದ, ತಡವಾದರೆ ಮೇಲೆಯೇ ಗಾಡಿಯಲ್ಲಿ ರಾತ್ರಿ ಕಳೆಯಬೇಕು. ಲಾಡ್ಜ್ ಹಿಡಿಯಬಹುದಲ್ಲ ಎಂದು ಕೇಳುವವರಿದ್ದಾರೆ. ವ್ರತದಲ್ಲಿರುವವರಿಗೆ ಹಾಸಿಗೆ, ದಿಂಬು ಬೇಡ, ಚಾಪೆ ಸಾಕು. ಎಲ್ಲರಿಗೂ ರೂಮು ಮಾಡುವಷ್ಟು ದುಡ್ಡೂ ಪ್ರತಿ ಸಲ ಇರುವುದಿಲ್ಲ.

ಅಲ್ಲಿ ಮೊದಲು ತಿಳಿದುಕೊಂಡದ್ದು, ಚಳಿ ಮೇಲಿನಿಂದ ಬರುವುದಕ್ಕಿಂತ ಕೆಳಗಿನಿಂದ ಹೆಚ್ಚು ಏರುತ್ತದೆ ಎಂಬುದು. ಗಾಡಿಯ ನೆಲ ತಗಡು. ಅದರ ಮೇಲೆ ಬರೀ ಚಾಪೆ ಹಾಸಿ ಎರಡು ಕಂಬಳಿ ಹೊದ್ದರೂ ಬೆನ್ನು ಬೆಚ್ಚಗಾಗುವುದಿಲ್ಲ. ಹೊದೆಯುವ ಕಂಬಳಿಯಲ್ಲಿ ಒಂದನ್ನು ಕೆಳಗೆ ಹಾಸಬೇಕು, ಅದರ ಕೆಳಗೆ ಗೋಣಿಚೀಲ, ಅದಕ್ಕೂ ಕೆಳಗೆ ರಟ್ಟಿನ ಡಬ್ಬಿ ಬಿಚ್ಚಿ ಹರವಬೇಕು. ನಮ್ಮ ಕಡೆ ಕುರುಬರು ನೇಯುತ್ತಿದ್ದ ಕರಿ ಕಂಬಳಿಗೆ ಸಮನಾದದ್ದನ್ನು ನಾನು ಅಂಗಡಿಯಲ್ಲಿ ಕಂಡಿಲ್ಲ. ಸ್ವಲ್ಪ ನೆಂದರೂ ಅದು ಬೆಚ್ಚಗಿರುತ್ತದೆ. ಮಲಗುವ ಮೊದಲು ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ, ಬಿರಟೆ ಬಿಗಿಮಾಡಿ, ಟವೆಲ್ ಸುತ್ತಿ ವಯಸ್ಸಾದವರ ಕಾಲಬುಡದಲ್ಲಿ ಇಡುತ್ತೇವೆ. ನಡುರಾತ್ರಿಯವರೆಗೆ ಕಾಲು ಬೆಚ್ಚಗಿದ್ದರೆ ಆಮೇಲೆ ನಿದ್ದೆ ತಾನಾಗಿ ಹಿಡಿಯುತ್ತದೆ.

ಎರಡನೆಯದು ತೇವ. ಮಲಗಿದ ಮನುಷ್ಯನ ಉಸಿರಿನಿಂದ, ಮೈಯಿಂದ ಒಂದು ರಾತ್ರಿಗೆ ಸುಮಾರು ಕಾಲು ಲೀಟರ್ ನೀರು ಆವಿಯಾಗಿ ಹೋಗುತ್ತದೆ. ಗಾಡಿತುಂಬ ಜನ ಮಲಗಿದರೆ ಮೂರು ಲೀಟರು. ನಸುಕಿನಲ್ಲಿ ಸ್ನಾನ ಮಾಡಿ ಬಂದವರ ಒದ್ದೆ ತಲೆ, ಒದ್ದೆ ಪಂಚೆಯ ನೀರು ಬೇರೆ. ಕಿಟಕಿ ಬಿಗಿದರೆ ಅದೆಲ್ಲ ತಣ್ಣನೆಯ ಗಾಜಿಗೆ, ತಗಡಿನ ಮಾಡಿಗೆ ಹತ್ತಿ, ಹನಿಗಟ್ಟಿ, ಮಲಗಿದವರ ಮೇಲೇ ತೊಟ್ಟಿಕ್ಕುತ್ತದೆ. ಹೊಗೆಸೊಪ್ಪು ಬೇಯಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೊಪ್ಪು ಹಳದಿಯಾದ ಮೇಲೂ ಅದನ್ನು ಬೇಯಿಸುವ ಬ್ಯಾರನ್ನಿನ ಕಿಂಡಿ ತೆಗೆಯದೆ ಬಿಸಿ ಏರಿಸಿದರೆ ನೀರು ಹೊರಗೆ ಹೋಗದೆ ಸೊಪ್ಪು ಕಂದಿಹೋಗುತ್ತದೆ. ಬಿಸಿ ಉಳಿಯಬೇಕು, ತೇವ ಹೋಗಬೇಕು. ಗಾಡಿಯಲ್ಲೂ ಹಾಗೆಯೇ ಎದುರುಬದುರಿನ ಎರಡು ಕಿಟಕಿಗಳನ್ನು ಎರಡೆರಡು ಬೆರಳಿನಷ್ಟು ತೆರೆದಿಡಬೇಕು. ಒದ್ದೆ ಬಟ್ಟೆ ಒಳಗೆ ಬರಲೇಬಾರದು, ಅದಕ್ಕೆ ಕ್ಯಾರಿಯರ್ ಇದೆ.

ಕಿಟಕಿ ತೆರೆದಿಡುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಈ ಲೇಖನ ಬರೆಯಬೇಕೆನಿಸಿದ್ದೇ ಅದಕ್ಕಾಗಿ.

ಊಟಿಯ ಒಂದು ರಾತ್ರಿ ನಮ್ಮ ಹಿರಿಯ ಸ್ವಾಮಿಯೊಬ್ಬರಿಗೆ ನಡುಕ ನಿಲ್ಲಲಿಲ್ಲ. ಪಕ್ಕದ ಟೀ ಅಂಗಡಿಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಕೆಂಪಗೆ ಉರಿಯುತ್ತಿತ್ತು. ‘ಅದನ್ನ ಇಸ್ಕಂಡು ಬಾಗಿಲತ್ರ ಇಟ್ಕಳವ ಸ್ವಾಮಿ, ಹೊಗೆ ಏನೂ ಬರ್ತಿಲ್ವಲ್ಲ’ ಎಂದರು. ‘ಬೇಡಿ ಸ್ವಾಮಿ, ನೀವೇ ಅಲ್ಲಿಗೆ ಬಂದು ಕಾಯಿಸ್ಕಳಿ, ಬೆಂಕಿ ಮಾತ್ರ ಗಾಡಿ ಒಳಕ್ಕೆ ಬರಬಾರದು’ ಎಂದು ಅವರನ್ನು ಕರೆದುಕೊಂಡು ಹೋಗಿ ಅಂಗಡಿಯ ಮುಂದೆ ಕೂರಿಸಿದೆ. ಹೊಗೆ ಕಾಣದಿರುವುದೇ ಇದ್ದಿಲಿನ ಮೋಸ. ಉರಿಯುವ ಇದ್ದಿಲು ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ರಕ್ತ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ಮಂಪರು ಬಂದರೆ ದಣಿವಿನದೆಂದುಕೊಂಡು ಮಲಗುತ್ತಾರೆ. ಎದ್ದೇಳಬೇಕೆಂದರೂ ಕೈಕಾಲು ಮಾತು ಕೇಳುವುದಿಲ್ಲ.

2024ರ ಡಿಸೆಂಬರ್ 23ರಂದು, ಇದೇ ಯಾತ್ರೆಯ ಕಾಲದಲ್ಲಿ, ಕೋಝಿಕ್ಕೋಡ್ ಜಿಲ್ಲೆಯ ವಡಕರದಲ್ಲಿ ಹೆದ್ದಾರಿ ಬದಿ ನಿಂತಿದ್ದ ಕ್ಯಾರವಾನ್ ಒಂದರಲ್ಲಿ ಇಬ್ಬರು ಶವವಾಗಿ ಸಿಕ್ಕರು. ಅದು ಹರಕು ಗಾಡಿಯಲ್ಲ, ಮಲಗಲೆಂದೇ ಕಟ್ಟಿದ, ಎಸಿ ಇದ್ದ ಗಾಡಿ. ಎಸಿಗೆಂದು ಓಡುತ್ತಿದ್ದ ಜನರೇಟರಿನ ವಿಷಾನಿಲ ಒಳಗೆ ಸೇರಿತ್ತು. ಅಂಥ ಗಾಡಿಯಲ್ಲೇ ಹೀಗಾದರೆ ನಮ್ಮ ಟಿಟಿಯ ಪಾಡೇನು? ಎಂಜಿನ್ ಚಾಲೂ ಇಟ್ಟು, ಎಸಿಯೋ ಹೀಟರೋ ಹಾಕಿ, ಕಿಟಕಿ ಬಿಗಿದು ಮಲಗಿದ ಗಾಡಿಗಳನ್ನು ನಿಲಕ್ಕಲ್‌ನಲ್ಲಿ ಪ್ರತಿ ವರ್ಷ ನೋಡುತ್ತೇನೆ. ಕಂಡಕಂಡವರ ಗಾಜು ತಟ್ಟಿ ಎಬ್ಬಿಸುತ್ತೇನೆ. ಕೆಲವರು ಬೇಸರಪಡುತ್ತಾರೆ, ಪರವಾಗಿಲ್ಲ.

ನನ್ನ ತಂಗಿಯ ಮಗ ಅಮೆರಿಕದ ಕೊಲೊರಾಡೊದಲ್ಲಿದ್ದಾನೆ. ಅಲ್ಲಿ ಚಳಿಗಾಲದಲ್ಲಿ ಹಿಮದ ಇಳಿಜಾರಿನಲ್ಲಿ ಸ್ಕೀ ಮಾಡಲು ಹೋಗುವವರು ಹೋಟೆಲಿನ ದುಬಾರಿ ಬಾಡಿಗೆ ತಪ್ಪಿಸಲು ಕ್ಯಾಂಪರ್ ಗಾಡಿಯಲ್ಲೇ ಇರುತ್ತಾರಂತೆ, ಅವನೂ ಗೆಳೆಯರೊಂದಿಗೆ ಹೋಗುತ್ತಾನೆ. ಊರಿಗೆ ಬಂದಾಗ ನಾವಿಬ್ಬರೂ ಇದನ್ನೇ ಮಾತಾಡುತ್ತ ಕೂತಿದ್ದೆವು. ‘ಮಾವ, ಅಲ್ಲಿ ಹೀಟರು ಗ್ಯಾಸಿಂದೇ, ಆದ್ರೆ ಬೆಂಕಿ ಉರಿಯೋ ಡಬ್ಬಿ ಪೂರ್ತಿ ಬೇರೆ. ಹೊರಗಿನ ಗಾಳಿ ತಗೊಂಡು ಹೊಗೆನ ಹೊರಕ್ಕೇ ಬಿಡುತ್ತೆ. ಒಳಗೆ ಬರೋದು ಬರೀ ಬಿಸಿ. ಅಷ್ಟಿದ್ರೂ ಮಾಡಿನ ಕಿಂಡಿ ಸ್ವಲ್ಪ ತೆಗೆದೇ ಮಲಗ್ತೀವಿ, ಅಲಾರಂ ಇಲ್ದೆ ಮಲಗೋದೇ ಇಲ್ಲ’ ಎಂದ. ಮುಂದಿನ ಸಲ ಬಂದಾಗ ಬ್ಯಾಟರಿಯಲ್ಲಿ ನಡೆಯುವ ಆ ಅಂಗೈಯಗಲದ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ನನಗೆ ತಂದುಕೊಟ್ಟ. ಈಗ ಅದು ನಮ್ಮ ಗಾಡಿಯಲ್ಲಿ ಮಲಗುವವರ ತಲೆಯ ಮಟ್ಟದಲ್ಲಿ ತೂಗುತ್ತದೆ. ನಮ್ಮಲ್ಲೂ ಇದು ಸಿಗುತ್ತದೆ, ತಂಡದವರೆಲ್ಲ ಹಂಚಿಕೊಂಡರೆ ಯಾರಿಗೂ ದೊಡ್ಡ ಹೊರೆಯಾಗುವುದಿಲ್ಲ.

ಅಡುಗೆಯ ಗ್ಯಾಸಿನ ಬಗ್ಗೆಯೂ ಅವನಿಂದ ಒಂದು ವಿಷಯ ತಿಳಿಯಿತು. ಊಟಿಯ ನಸುಕಿನಲ್ಲಿ ನಮ್ಮ ಸಣ್ಣ ಸಿಲಿಂಡರಿನ ಉರಿ ಕುಗ್ಗುತ್ತಿತ್ತು. ಗ್ಯಾಸ್ ಮುಗಿಯಿತೆಂದು ಅಲ್ಲಾಡಿಸಿದರೆ ಒಳಗೆ ದ್ರವ ಕುಲುಕುತ್ತಿತ್ತು. ನಮ್ಮ ಸಿಲಿಂಡರಿನಲ್ಲಿ ಬ್ಯೂಟೇನ್, ಪ್ರೊಪೇನ್ ಎರಡೂ ಬೆರೆತಿರುತ್ತವೆ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನು ನಿಲ್ಲಿಸುತ್ತದೆ, ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗಿನವರೆಗೂ ಆವಿಯಾಗುತ್ತದೆ. ಹಿಮದ ನಾಡಿನವರು ಪ್ರೊಪೇನ್ ಒಯ್ಯುವುದು ಅದಕ್ಕೇ. ಉರಿ ಕುಗ್ಗಿತೆಂದು ಸಿಲಿಂಡರಿಗೆ ಬೆಂಕಿ ಹಿಡಿಯುವವರನ್ನು ನೋಡಿದ್ದೇನೆ, ದಯವಿಟ್ಟು ಯಾರೂ ಆ ಕೆಲಸ ಮಾಡಬೇಡಿ. ಅಷ್ಟು ಎತ್ತರದಲ್ಲಿ ನೀರೂ 92-93 ಡಿಗ್ರಿಗೇ ಕುದಿಯುವುದರಿಂದ ತೆರೆದ ದಬರಿಯಲ್ಲಿ ಬೇಳೆ ಬೇಗ ಬೇಯುವುದಿಲ್ಲ. ನಾವು ಮೇಲೆ ಅಡುಗೆ ಮಾಡುವುದನ್ನೇ ಬಿಟ್ಟಿದ್ದೇವೆ. ಮನೆಯಿಂದ ತಂದ ಪುಳಿಯೋಗರೆ ಗೊಜ್ಜು, ಹುರಿದ ಅವಲಕ್ಕಿ, ರಾಗಿ ಹುರಿಹಿಟ್ಟು, ಬೆಲ್ಲ ಇದ್ದರೆ ಸಾಕು. ಕುಡಿಯಲು ಬಿಸಿನೀರನ್ನು ಟೀ ಅಂಗಡಿಯಲ್ಲಿ ಕೇಳಿ, ದುಡ್ಡು ಕೊಟ್ಟು ತರುತ್ತೇವೆ. ನಿಲಕ್ಕಲ್‌ನ ಪಾರ್ಕಿಂಗ್‌ನಲ್ಲೂ ಒಲೆ ಹಚ್ಚುವುದಿಲ್ಲ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲ ಹಿಡಿದು ಪಕ್ಕದ ಗಾಡಿಯ ಕೆಳಗೆ ಹರಿದು ನಿಲ್ಲುತ್ತದೆ, ಅಲ್ಲೊಬ್ಬ ಸ್ವಾಮಿ ಕರ್ಪೂರ ಹಚ್ಚುತ್ತಿರುತ್ತಾನೆ.

ಊಟಿ ಹತ್ತುವ ಮೊದಲು ಇನ್ನೊಂದು ವಿಷಯ ತಿಳಿದಿರಬೇಕು. ನೀಲಗಿರಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಬೇಕು, ಪ್ಲಾಸ್ಟಿಕ್ ನೀರಿನ ಬಾಟಲಿ ಒಯ್ಯುವಂತಿಲ್ಲ. ಇದು ಗೊತ್ತಿಲ್ಲದೆ ಚೆಕ್‌ಪೋಸ್ಟ್‌ನಲ್ಲಿ ಹೊತ್ತು ಕಳೆದರೆ ಕೊನೆಗೆ ಕಡಿತವಾಗುವುದು ಡ್ರೈವರನ ನಿದ್ದೆ.

ಆ ನಿದ್ದೆಯ ಬಗ್ಗೆ ನಾನು ಯಾರ ಮಾತನ್ನೂ ಕೇಳುವುದಿಲ್ಲ, ಗುರುಸ್ವಾಮಿಗಳೂ ಅದನ್ನು ನನಗೇ ಬಿಟ್ಟಿದ್ದಾರೆ. ನಮ್ಮ ಡ್ರೈವರೂ ಮಾಲೆ ಹಾಕಿ ಬೆಟ್ಟ ಹತ್ತುತ್ತಾನೆ. ಪಂಪೆಯಿಂದ ಸನ್ನಿಧಾನಕ್ಕೆ ಏರು ದಾರಿ, ಗಂಟೆಗಟ್ಟಲೆ ಸಾಲು, ಮತ್ತೆ ಇಳಿತ. ಕೆಳಗೆ ಬಂದವರೆಲ್ಲ ಗಾಡಿ ಹತ್ತಿ ನಿದ್ದೆಗೆ ಜಾರುತ್ತಾರೆ. ಅಷ್ಟೇ ದಣಿದ ಅವನೊಬ್ಬ ಕತ್ತಲ ಘಾಟಿಯಲ್ಲಿ ಸ್ಟೇರಿಂಗ್ ಹಿಡಿದು ಕೂರಬೇಕು. ಚಳಿಗಾಲದ ಯಾತ್ರೆಯಲ್ಲಿ ಇದಕ್ಕಿಂತ ಅಪಾಯದ ಗಳಿಗೆ ಇನ್ನೊಂದಿಲ್ಲ. ದಿನಕ್ಕೆ ಎಂಟು ಗಂಟೆಯ ಕೆಲಸ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಯಾತ್ರೆಯ ಗಾಡಿಗಳಲ್ಲಿ ಅದನ್ನು ಯಾರು ನೆನೆಯುತ್ತಾರೆ? ನಮ್ಮಲ್ಲಿ ಹಿಂದಿನ ಉದ್ದ ಸೀಟು ಡ್ರೈವರನದು, ಅದರ ಮೇಲೆ ಯಾರೂ ಚೀಲ ಇಡುವಂತಿಲ್ಲ. ಅವನು ಅಡುಗೆಗೆ ಕೈಹಾಕುವುದಿಲ್ಲ. ಬೆಟ್ಟ ಇಳಿದ ಮೇಲೆ ಅವನು ಆರು ಗಂಟೆ ಮಲಗುವವರೆಗೆ ಬೀಗದ ಕೈ ನನ್ನ ಜೇಬಿನಲ್ಲಿರುತ್ತದೆ. ಆಗ ಉಳಿದವರು ಗಾಡಿಯೊಳಗೆ ಭಜನೆ ಮಾಡುವುದಿಲ್ಲ, ದೂರ ಹೋಗಿ ಮಾಡುತ್ತಾರೆ. ನಾಳೆ ಹರಾಜಿದೆ, ಇವತ್ತೇ ಊರು ಸೇರಬೇಕು ಎಂದು ಒತ್ತಾಯಿಸಿದವರಿದ್ದಾರೆ. ಅವರಿಗೆ ಬಸ್ಸು ತೋರಿಸಿದ್ದೇನೆ.

ನಮ್ಮ ಎಚ್ಚರದ ಜೊತೆಗೆ ಗಾಡಿ ನಿಲ್ಲಿಸಲು ಸರಿಯಾದ ಜಾಗವೂ ಬೇಕು. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸದ ಯೋಜನೆ ತಂದಿತು, ವಾಗಮಣ್‌ನಲ್ಲಿ ಕ್ಯಾರವಾನ್ ನಿಲ್ಲಿಸುವ ಪಾರ್ಕ್ ಆಯಿತು. ಗಾಡಿಯಲ್ಲಿ ಮಲಗುವವರಿಗೆ ನೀರು, ಶೌಚಾಲಯ, ಕರೆಂಟು ಇರುವ ಜಾಗ ಬೇಕೆಂದು ಒಂದು ಸರ್ಕಾರಕ್ಕೆ ಅನಿಸಿದ್ದು ಒಳ್ಳೆಯದೇ. ಆದರೆ ದಕ್ಷಿಣದಲ್ಲಿ ಪ್ರತಿ ಚಳಿಗಾಲ ಗಾಡಿಯನ್ನು ಮನೆ ಮಾಡಿಕೊಳ್ಳುವವರಲ್ಲಿ ನಮ್ಮಂಥ ಮಾಲಾಧಾರಿಗಳೂ ಬಹಳ. ನಮ್ಮ ದಾರಿಯುದ್ದಕ್ಕೂ ಅಂಥ ಜಾಗಗಳು ಆಗಬೇಕು, ಕರ್ನಾಟಕದ ಗಡಿಯೊಳಗೂ ಆಗಬೇಕು. ಬೆಳಗ್ಗೆ ಕಾಡಿನ ಗೇಟು ತೆಗೆಯುವವರೆಗೆ ಕಾಯುವ ಗಾಡಿಗಳಿಗೆ ಅಂತರಸಂತೆಯ ಕಡೆ ನಾಲ್ಕು ಶೌಚಾಲಯ, ಒಂದು ನಲ್ಲಿ, ಒಂದು ಮಾಡು ಕಟ್ಟಿಸುವುದು ಜಿಲ್ಲಾಡಳಿತಕ್ಕೆ ದೊಡ್ಡ ಖರ್ಚಲ್ಲ.

ಅದು ಆಗುವವರೆಗೆ ನಮ್ಮ ಜೀವ ನಮ್ಮ ಕೈಯಲ್ಲಿ. ಈ ಸಲ ಹ್ಯಾಂಡ್‌ಪೋಸ್ಟಿನಲ್ಲಿ ಗಾಡಿಯ ಬಾಡಿಗೆ ಮಾತಾಡುವಾಗಲೇ ಎರಡನೆಯ ಡ್ರೈವರನ್ನು ಕೇಳಿ, ಅವನ ಬಾಟಾವನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ. ಪೂಜೆ ಸಾಮಾನಿನ ಪಟ್ಟಿಯಲ್ಲಿ ಆ ಅಲಾರಂನ ಹೆಸರೂ ಬರೆಯಿರಿ. ರಾತ್ರಿ ಎಂಜಿನ್ ಆರಿಸಿ, ಬೆಂಕಿಯನ್ನು ಹೊರಗೇ ಬಿಟ್ಟು, ಎಷ್ಟೇ ಚಳಿಯಿದ್ದರೂ ಎರಡು ಕಿಟಕಿ ತೆರೆದಿಟ್ಟು ಮಲಗಿ.