ಕ್ಯಾಮರಾಕ್ಕೆ ಎರಡನೆಯ ಮಸೂರ

ಕ್ಯಾಮರಾದೊಡನೆ ಬರುವ 18–55 ಮಿ.ಮೀ. ಜೂಮ್ ಮಸೂರದಿಂದ ಸಂಜೆ ಮನೆಯೊಳಗೆ ತೆಗೆದ ಚಿತ್ರವು ಅಲುಗಿ ಮಸುಕಾದರೆ, ಹೊಸ ಕ್ಯಾಮರಾವನ್ನು ಬಯಸುವ ಮೊದಲು ನಾವು ಒಂದು ಲೆಕ್ಕ ಮಾಡಿ ನೋಡೋಣ.

ಸಂಗಮದೂರವನ್ನು ರಂಧ್ರದ ವ್ಯಾಸದಿಂದ ಭಾಗಿಸಿದರೆ ದೊರೆಯುವುದೇ ಎಫ್-ಸಂಖ್ಯೆ. 55 ಮಿ.ಮೀ.ನಲ್ಲಿ ಈ ಮಸೂರದ ಕನಿಷ್ಠ ಎಫ್-ಸಂಖ್ಯೆ ಸಾಮಾನ್ಯವಾಗಿ 5.6, ಎಂದರೆ ವ್ಯಾಸ ಸುಮಾರು 10 ಮಿ.ಮೀ. ಮಾತ್ರ. ಎಫ್-ಸಂಖ್ಯೆ 1.8 ಇರುವ 50 ಮಿ.ಮೀ. ಸ್ಥಿರ ಮಸೂರದಲ್ಲಿ ಅದು ಸುಮಾರು 28 ಮಿ.ಮೀ. ಬಿಂಬದ ಪ್ರಕಾಶವು ಎಫ್-ಸಂಖ್ಯೆಯ ವರ್ಗಕ್ಕೆ ವಿಲೋಮಾನುಪಾತದಲ್ಲಿರುವುದರಿಂದ ಸುಮಾರು 10 ಪಟ್ಟು ಬೆಳಕು ದೊರೆಯುವುದು. 1/10 ಸೆಕೆಂಡು ಬೇಕಾಗಿದ್ದ ಚಿತ್ರಕ್ಕೆ 1/100 ಸೆಕೆಂಡು ಸಾಕು. ಓದುತ್ತ ಕುಳಿತ ಮಗುವಿನ ಮುಖವು ಅಲುಗದೆ ಮೂಡುವುದು.

ಆದರೆ ಸ್ಪಷ್ಟತೆಯ ಆಳ ಕಿರಿದಾಗುವುದು. ದೂರದ ಹಕ್ಕಿಗಂತೂ ಇದು ಒದಗದು. ಅದಕ್ಕೆ ಹೆಚ್ಚಿನ ಸಂಗಮದೂರವೇ ಬೇಕು. ಆದ್ದರಿಂದ ನಮ್ಮ ಕೊರತೆ ಬೆಳಕಿನದೋ ದೂರದ್ದೋ ಎಂಬುದನ್ನು ತಿಳಿದ ಮೇಲೆಯೇ ಮಸೂರವನ್ನು ಆರಿಸಬೇಕು.