ಮನೆಯಲ್ಲೇ ಧ್ವನಿಮುದ್ರಣ: ಮೈಕ್ ಮೊದಲೋ, ಕಂಬಳಿ ಮೊದಲೋ?

ಮಕ್ಕಳೇ, ನಿಮ್ಮ ಊರಿನಲ್ಲಿ ಬೀಸುವ ಪದ, ಸೋಬಾನೆ ಪದ, ಲಾವಣಿ ಹಾಡಬಲ್ಲ ಹಿರಿಯರು ಎಷ್ಟು ಮಂದಿ ಇದ್ದಾರೆ? ಎಣಿಸಿ ನೋಡಿ. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿತು, ಅದರ ಜೊತೆ ಹಾಡೂ ಮೂಲೆ ಸೇರಿತು. ಎಷ್ಟೋ ಹಾಡುಗಳು ಯಾವ ಪುಸ್ತಕದಲ್ಲೂ ಇಲ್ಲ, ಅಜ್ಜಿಯ ನೆನಪಿನಲ್ಲಿ ಮಾತ್ರ ಇವೆ. ಪುಸ್ತಕದಲ್ಲಿ ಸಾಲುಗಳು ಸಿಕ್ಕರೂ ಧಾಟಿ ಸಿಗುವುದಿಲ್ಲ. ಧಾಟಿ ಉಳಿಯಬೇಕಾದರೆ ಧ್ವನಿಮುದ್ರಣವೇ ಆಗಬೇಕು.

"ಅದಕ್ಕೆ ಸ್ಟುಡಿಯೋ ಬೇಕು, ದುಬಾರಿ ಮೈಕ್ ಬೇಕು, ನಮ್ಮಲ್ಲಿ ಎಲ್ಲಿದೆ ಸಾರ್?" ಎಂದು ನೀವು ಕೇಳಬಹುದು. ಮನೆಯವರ ಸ್ಮಾರ್ಟ್‌ಫೋನ್, ಎರಡು ಕಂಬಳಿ, ಒಂದು ಸೀಮೆಸುಣ್ಣ ಇಷ್ಟಿದ್ದರೆ ಆರಂಭಿಸಬಹುದು. ಹಣದ ಮಾತು ಆಮೇಲೆ. ಏಕೆ ಎಂಬುದನ್ನು ಪ್ರಯೋಗ ಮಾಡಿಯೇ ತಿಳಿಯೋಣ.

ಮೈಕ್ ಎಂದರೇನು?

ಶಬ್ದವೆಂದರೆ ಗಾಳಿಯ ಕಂಪನ ಎಂದು ಓದಿದ್ದೀರಿ. ಮೈಕ್ ಒಳಗೆ ಒಂದು ತೆಳುವಾದ ಪೊರೆ ಇರುತ್ತದೆ. ಗಾಳಿ ಕಂಪಿಸಿದಂತೆ ಪೊರೆಯೂ ಕಂಪಿಸುತ್ತದೆ. ಆ ಕಂಪನವನ್ನು ವಿದ್ಯುತ್ತಾಗಿ ಬದಲಾಯಿಸುವುದೇ ಮೈಕ್‌ನ ಕೆಲಸ. ಶಾಲೆಯ ಸಮಾರಂಭಗಳಲ್ಲಿ ಕೈಯಲ್ಲಿ ಹಿಡಿಯುವ ಮೈಕ್ ಸಾಮಾನ್ಯವಾಗಿ ಡೈನಮಿಕ್ ಬಗೆಯದು. ಅದರ ಪೊರೆಗೆ ತಂತಿಯ ಸುರುಳಿ ಅಂಟಿಕೊಂಡಿದ್ದು, ಅದು ಅಯಸ್ಕಾಂತದ ನಡುವೆ ಅಲುಗಾಡುತ್ತದೆ. 1831ರಲ್ಲಿ ಮೈಕಲ್ ಫ್ಯಾರಡೆ ಕಂಡುಕೊಂಡ ತತ್ವವೇ ಇದು. 1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ಎಲೆಕ್ಟ್ರೆಟ್ ಮೈಕ್ ರೂಪಿಸಿದರು. ವಿದ್ಯುದಾವೇಶವನ್ನು ಶಾಶ್ವತವಾಗಿ ಹಿಡಿದಿಟ್ಟ ಪ್ಲಾಸ್ಟಿಕ್ ಪೊರೆ ಅದರಲ್ಲಿತ್ತು. ಮೈಕ್ ಅಗ್ಗವಾದದ್ದು, ಗುಂಡಿಯಷ್ಟು ಚಿಕ್ಕದಾದದ್ದು ಇದರಿಂದ.

1925ಕ್ಕೆ ಮುಂಚೆ ಧ್ವನಿಮುದ್ರಣದಲ್ಲಿ ವಿದ್ಯುತ್ ಮೈಕ್ ಬಳಕೆಗೇ ಬಂದಿರಲಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ ಅವರ ಮುಂದೆ ಇದ್ದದ್ದು ಒಂದು ದೊಡ್ಡ ಕಹಳೆ. ಅದರೊಳಗೆ ಮುಖವಿಟ್ಟಂತೆ ನಿಂತು, ಗಟ್ಟಿಯಾಗಿ ಹಾಡಬೇಕಿತ್ತು. ಈ ಗಾಯಕಿ ಕೊನೆಯ ದಿನಗಳನ್ನು ಮೈಸೂರಿನಲ್ಲಿ ಕಳೆದು, 1930ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಧ್ವನಿಯನ್ನು ಇಂದೂ ಕೇಳಬಹುದು. ಆ ಕಹಳೆಗೆ ಹೋಲಿಸಿದರೆ ನಿಮ್ಮ ಮನೆಯ ಫೋನ್ ಎಷ್ಟೋ ಪಾಲು ಉತ್ತಮ ಉಪಕರಣ.

ಮಾಡಿ ನೋಡಿ: ಗೇಣಿನ ಲೆಕ್ಕ

ತರಗತಿಯಲ್ಲಿ ಗೆಳತಿಯೊಬ್ಬಳನ್ನು ನಿಲ್ಲಿಸಿ. ಅವಳ ಬಾಯಿಂದ ಒಂದು ಗೇಣು, ಎರಡು ಗೇಣು, ಹತ್ತು ಗೇಣು ದೂರದಲ್ಲಿ ಫೋನ್ ಇಟ್ಟು ಒಂದೇ ಹಾಡನ್ನು ಮೂರು ಸಲ ಮುದ್ರಿಸಿ. ಫೋನಿನ ಮೈಕ್ ಸಾಮಾನ್ಯವಾಗಿ ಕೆಳತುದಿಯಲ್ಲಿ, ಚಾರ್ಜರ್ ಚುಚ್ಚುವ ಜಾಗದ ಪಕ್ಕದ ಸಣ್ಣ ರಂಧ್ರದಲ್ಲಿರುತ್ತದೆ. ಅದು ಹಾಡುವವರ ಕಡೆಗಿರಲಿ, ಬೆರಳು ಅಡ್ಡ ಬರದಿರಲಿ. ನಂತರ ಇಯರ್‌ಫೋನ್ ಹಾಕಿ ಕೇಳಿ.

ಹತ್ತು ಗೇಣಿನ ಮುದ್ರಣ ಬಾವಿಯೊಳಗಿಂದ ಹಾಡಿದಂತೆ ಕೇಳುತ್ತದೆ, ಅಲ್ಲವೇ? ಕಾರಣ ಹೀಗಿದೆ. ಬಾಯಿಂದ ನೇರವಾಗಿ ಬರುವ ಶಬ್ದದ ತೀವ್ರತೆ ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ದೂರ ಎರಡರಷ್ಟಾದರೆ ತೀವ್ರತೆ ನಾಲ್ಕನೇ ಒಂದು ಭಾಗ, ಹತ್ತರಷ್ಟಾದರೆ ನೂರನೇ ಒಂದು ಭಾಗ. ಆದರೆ ಗೋಡೆಗಳಿಗೆ ಬಡಿದು ಸುತ್ತುತ್ತಿರುವ ಶಬ್ದ ಕೋಣೆಯ ತುಂಬ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿರುತ್ತದೆ. ದೂರ ಹೋದಷ್ಟೂ ಗೆಳತಿಯ ಹಾಡು ಸೋಲುತ್ತದೆ, ಗೋಡೆಯ ಹಾಡು ಗೆಲ್ಲುತ್ತದೆ. ಐವತ್ತು ಸಾವಿರದ ಮೈಕನ್ನು ಹತ್ತು ಗೇಣಿನಲ್ಲಿಟ್ಟರೂ ಈ ಲೆಕ್ಕ ಬದಲಾಗದು.

ಗೋಡೆಯನ್ನು ಸುಮ್ಮನಾಗಿಸುವುದು

ಸಿಮೆಂಟಿನ ಗೋಡೆ, ಕಡಪ ಕಲ್ಲಿನ ನೆಲ, ಆರ್‌ಸಿಸಿ ಚಾವಣಿ ಇರುವ ಖಾಲಿ ಕೋಣೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ. ಶಬ್ದ ತಕ್ಷಣ ನಿಲ್ಲದೆ ಎಳೆದುಕೊಂಡು ಹೋಗುತ್ತದೆ. ಪ್ರತಿಧ್ವನಿ ಬೇರೆಯಾಗಿ ಕೇಳಬೇಕಾದರೆ ಗೋಡೆ ಸುಮಾರು 17 ಮೀಟರ್ ದೂರವಿರಬೇಕು. ತರಗತಿಯ ಗೋಡೆ ಅಷ್ಟು ದೂರವಿಲ್ಲ. ಹಾಗಾಗಿ ನೂರಾರು ಪ್ರತಿಫಲನಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಇದಕ್ಕೆ ಅನುರಣನ ಎಂದು ಹೆಸರು.

1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಕೊಠಡಿಯಲ್ಲಿ ಇದೇ ತೊಂದರೆ ಇತ್ತು. ಒಂದು ಮಾತು ಆಡಿದರೆ ಅದು ಪೂರ್ತಿ ಅಡಗಲು ಸುಮಾರು ಐದೂವರೆ ಸೆಕೆಂಡು ಹಿಡಿಯುತ್ತಿತ್ತು. ಮೇಷ್ಟ್ರ ಪಾಠ ಯಾರಿಗೂ ತಿಳಿಯುತ್ತಿರಲಿಲ್ಲ. ವಾಲೆಸ್ ಸ್ಯಾಬಿನ್ ಎಂಬ ತರುಣ ಭೌತಶಾಸ್ತ್ರ ಅಧ್ಯಾಪಕರು ಪಕ್ಕದ ರಂಗಮಂದಿರದಿಂದ ಆಸನದ ಮೆತ್ತೆಗಳನ್ನು ಹೊರಿಸಿ ತಂದು, ಒಂದಿಷ್ಟೊಂದಿಷ್ಟೇ ಹಾಸುತ್ತಾ, ರಾತ್ರಿಯ ನಿಶ್ಶಬ್ದದಲ್ಲಿ ಶಬ್ದ ಅಡಗುವ ಹೊತ್ತನ್ನು ಅಳೆದರು. ಅವರ ಉಪಕರಣಗಳೇನು? ಒಂದು ಆರ್ಗನ್ ಕೊಳವೆ, ಒಂದು ಗಡಿಯಾರ, ತಮ್ಮದೇ ಕಿವಿ. ಕೊಠಡಿಗಳ ಶಬ್ದವಿಜ್ಞಾನ ಹುಟ್ಟಿದ್ದು ಆ ಮೆತ್ತೆಗಳಿಂದ.

ನಮಗೆ ಮೆತ್ತೆಯ ಬದಲು ಕುರಿಯ ಕಂಬಳಿ ಇದೆ. ಉಣ್ಣೆಯ ಎಳೆಗಳ ನಡುವೆ ಗಾಳಿ ನುಗ್ಗಿ ಉಜ್ಜುವಾಗ ಶಬ್ದದ ಶಕ್ತಿ ಶಾಖವಾಗಿ ಬದಲಾಗುತ್ತದೆ. ಹಾಡುವವರ ಹಿಂದೆ ಒಂದು, ಫೋನಿನ ಹಿಂದೆ ಒಂದು ಹಗ್ಗಕ್ಕೆ ನೇತು ಹಾಕಿ. ಗೋಡೆಗೆ ಅಂಟಿಸಬೇಡಿ. ನಾಲ್ಕು ಬೆರಳು ಬಿಟ್ಟರೆ ಹೆಚ್ಚು ಹೀರುತ್ತದೆ, ಏಕೆಂದರೆ ಗೋಡೆಗೆ ತಾಗಿರುವ ಗಾಳಿ ಅಷ್ಟಾಗಿ ಅಲುಗಾಡುವುದಿಲ್ಲ. ಹಾಸಿಗೆ, ಗೋಣಿಚೀಲಗಳಿರುವ ಕೋಣೆ ಇನ್ನೂ ವಾಸಿ. ಬಿಸಿಯೂಟದ ಅಕ್ಕಿಯ ಉಗ್ರಾಣದಲ್ಲಿ ಮಾತಾಡಿ ನೋಡಿ, ವ್ಯತ್ಯಾಸ ತಿಳಿಯುತ್ತದೆ. ಕೆಲವರು ಗೋಡೆಗೆ ಮೊಟ್ಟೆಯ ಟ್ರೇ ಹೊಡೆಯುತ್ತಾರೆ. ಶಾಲೆಯಲ್ಲಿ ಮೊಟ್ಟೆ ಕೊಡುವುದರಿಂದ ಟ್ರೇಗಳಿಗೆ ಬರವಿಲ್ಲ, ನಿಜ. ಆದರೆ ತೆಳು ರಟ್ಟು ಹೆಚ್ಚು ಶಬ್ದ ಹೀರದು. ಆ ಶ್ರಮ ಬೇಡ.

ಡೊಳ್ಳಿನ ತಗ್ಗಿದ ಸ್ವರಕ್ಕೆ ಕಂಬಳಿಯೂ ಸಾಲದು. ಡೊಳ್ಳನ್ನು ಬಯಲಿನಲ್ಲಿ, ಗಾಳಿ ಬೀಸದ ಮುಂಜಾನೆ ಮುದ್ರಿಸಿ.

ಪ ಮತ್ತು ಫ

ತೆಳು ಕಾಗದದ ಪಟ್ಟಿಯನ್ನು ಬಾಯಿಯ ಮುಂದೆ ಹಿಡಿದು ಮ, ಪ, ಫ ಎನ್ನಿ. ಮ ಅಂದಾಗ ಕಾಗದ ಸುಮ್ಮನಿರುತ್ತದೆ, ಪ ಅಂದಾಗ ಅಲುಗುತ್ತದೆ, ಫ ಅಂದಾಗ ಹಾರುತ್ತದೆ. ಅಲ್ಪಪ್ರಾಣ, ಮಹಾಪ್ರಾಣ ಎಂದು ವ್ಯಾಕರಣದಲ್ಲಿ ಕಲಿತದ್ದು ಇದೇ. ಈ ಗಾಳಿಯ ಹೊಡೆತ ಮೈಕಿಗೆ ಬಿದ್ದರೆ 'ದಬ್' ಎಂಬ ಶಬ್ದ ಮುದ್ರಣವಾಗುತ್ತದೆ. ಮೈಕನ್ನು ಬಾಯಿಯ ನೇರಕ್ಕೆ ಇಡದೆ ಸ್ವಲ್ಪ ಪಕ್ಕಕ್ಕೆ ಇಡಿ. ಉಸಿರು ನೇರ ಹೋಗುತ್ತದೆ, ಶಬ್ದ ಎಲ್ಲ ಕಡೆಗೂ ಹರಡುತ್ತದೆ.

ಬೀಸುವ ಕಲ್ಲಿನ ಜೊತೆ ಹಾಡುವಾಗ ಇನ್ನೊಂದು ತೊಡಕು. ಕಲ್ಲಿನ ಕಂಪನ ನೆಲದ ಮೂಲಕವೇ ಮೈಕಿಗೆ ತಲಪುತ್ತದೆ. ಫೋನನ್ನು ನೆಲಕ್ಕಿಡದೆ, ಎತ್ತರದ ಸ್ಟೂಲಿನ ಮೇಲೆ ಮಡಿಸಿದ ಟವೆಲ್ ಹಾಸಿ ಅದರ ಮೇಲಿಡಿ. ಕಲ್ಲಿಲ್ಲದೆ ಹಾಡಿಸಿದರೆ ಸುಲಭವಲ್ಲವೇ ಎನ್ನಬೇಡಿ. ಕೈ ತಿರುಗದಿದ್ದರೆ ಕೆಲವರಿಗೆ ಪದ ನೆನಪಾಗುವುದೇ ಇಲ್ಲ. ಒಮ್ಮೆ ಕಲ್ಲಿನೊಡನೆ, ಒಮ್ಮೆ ಕಲ್ಲಿಲ್ಲದೆ ಮುದ್ರಿಸಿಕೊಳ್ಳಿ.

ಸಂಖ್ಯೆಗಳಾಗುವ ಹಾಡು

ಸಿಡಿಯ ಗುಣಮಟ್ಟದಲ್ಲಿ ಶಬ್ದದ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆಯಲಾಗುತ್ತದೆ. ಪ್ರತಿ ಅಳತೆಗೂ 65,536 ಮೆಟ್ಟಿಲುಗಳ ಒಂದು ಏಣಿ ಇದೆ. ಹಾಡು ತೀರ ಗಟ್ಟಿಯಾಗಿ ಏಣಿಯ ತುದಿ ದಾಟಿದರೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಆಮೇಲೆ ಯಾವ ಸಾಫ್ಟ್‌ವೇರ್ ಕೂಡ ಅದನ್ನು ಸರಿಯಾಗಿ ಮರಳಿ ತರಲಾರದು. ಪರದೆಯ ಮೇಲಿನ ಪಟ್ಟಿ ತುದಿ ಮುಟ್ಟದಂತೆ ನೋಡಿಕೊಳ್ಳಿ. ಸ್ವಲ್ಪ ಮೆಲ್ಲಗಿದ್ದರೆ ಚಿಂತೆಯಿಲ್ಲ. ರೆಕಾರ್ಡರ್ ಆ್ಯಪ್‌ನಲ್ಲಿ ವೇವ್ ಮಾದರಿ ಇದ್ದರೆ ಅದನ್ನೇ ಆರಿಸಿ. ಒಂದೇ ಮೈಕಿನ ಮುದ್ರಣಕ್ಕೆ ನಿಮಿಷಕ್ಕೆ ಸುಮಾರು 5 ಎಂಬಿ ಜಾಗ ಬೇಕು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಫ್ಯಾನ್ ಆರಿಸಿ.

ಇನ್ನು ಖರೀದಿ

ಇಷ್ಟೆಲ್ಲ ಮಾಡಿದ ಮೇಲೂ ಕೊರತೆ ಕಂಡರೆ ಮೊದಲು ವೈರ್ ಇರುವ ಒಳ್ಳೆಯ ಇಯರ್‌ಫೋನ್ ಕೊಳ್ಳಿ. ತಪ್ಪು ಕೇಳಿಸದೆ ತಿದ್ದಲಾಗದು. ನಂತರ ಕೆಲವು ನೂರು ರೂಪಾಯಿಯ ಕಾಲರ್ ಮೈಕ್. ಇದೂ ಎಲೆಕ್ಟ್ರೆಟ್ ಬಗೆಯದೇ. ಕೊಳ್ಳುವಾಗ ಪಿನ್ ನೋಡಿ: ಫೋನಿನ ದುಂಡು ಪಿನ್ನಿಗೆ ಮೂರು ಕಪ್ಪು ಉಂಗುರ ಇರಬೇಕು. ಎರಡೇ ಇದ್ದರೆ ಅದು ಕ್ಯಾಮೆರಾದ್ದು ಇರಬಹುದು. ಹೊಸ ಫೋನುಗಳಲ್ಲಿ ದುಂಡು ರಂಧ್ರವೇ ಇಲ್ಲದಿರಬಹುದು. ಶಾಲೆಯಲ್ಲಿ ಕಂಪ್ಯೂಟರ್ ಇದ್ದರೆ ಯುಎಸ್‌ಬಿ ಮೈಕ್ ನೇರವಾಗಿ ಚುಚ್ಚಬಹುದು. ಅದಕ್ಕೆ ಸಾವಿರದ ಲೆಕ್ಕ. 48 ವೋಲ್ಟ್ ಬೇಡುವ ಕಂಡೆನ್ಸರ್ ಮೈಕಿಗೆ ಇನ್ನೊಂದು ಪೆಟ್ಟಿಗೆಯೂ ಬೇಕು. ಅದು ಬಹಳ ಸೂಕ್ಷ್ಮ ಎಂದು ಅಂಗಡಿಯವರು ಹೊಗಳುತ್ತಾರೆ. ರಸ್ತೆ ಬದಿಯ ಮನೆಯಲ್ಲಿ ಆ ಸೂಕ್ಷ್ಮತೆ ಟ್ರ್ಯಾಕ್ಟರನ್ನೂ ಹಿಡಿದು ತರುತ್ತದೆ. ನಾನಾದರೆ ಆ ಹಣದಲ್ಲಿ ಇನ್ನೆರಡು ಕಂಬಳಿ ತರುತ್ತೇನೆ. ಕತ್ತರಿಸಿ ಜೋಡಿಸಲು ಆಡಾಸಿಟಿ ಎಂಬ ತಂತ್ರಾಂಶ 2000ದಿಂದಲೂ ಉಚಿತವಾಗಿ ಸಿಗುತ್ತಿದೆ. ಮೂಲ ಮುದ್ರಣವನ್ನು ಮುಟ್ಟದೆ ಪ್ರತಿಯಲ್ಲಿ ಕೆಲಸ ಮಾಡಿ.

ಮುದ್ರಿಸುವ ಮುನ್ನ ಹಾಡುವವರ ಒಪ್ಪಿಗೆ ಕೇಳಿ, ಯಾರಿಗೆಲ್ಲ ಕೇಳಿಸಬಹುದು ಎಂಬುದನ್ನೂ ಕೇಳಿ. ಆರಂಭದಲ್ಲಿ ಹೆಸರು, ಊರು, ದಿನಾಂಕ, ಯಾರಿಂದ ಕಲಿತರು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ. ಅದೇ ದಿನ ಇನ್ನೆರಡು ಕಡೆ ಪ್ರತಿ ತೆಗೆದಿಡಿ, ಫೋನ್ ಕಳೆಯುವುದಕ್ಕೆ ಹೊತ್ತು ಗೊತ್ತಿಲ್ಲ. ಕುರ್ಚಿ, ಸ್ಟೂಲು ಇಟ್ಟ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಮಾಡಿರಿ. ಮುದ್ರಣವನ್ನು ಅಜ್ಜಿಗೆ ಕೇಳಿಸಿದಾಗ, "ಅಯ್ಯೋ, ನಡುವೆ ಒಂದು ನುಡಿ ಬಿಟ್ಟೆ" ಎನ್ನುವ ಸಂಭವ ಬಹಳ. ಅಲ್ಲಿಯವರೆಗೆ ಆ ಗುರುತು ಅಳಿಸಬೇಡಿ.